ಅಕ್ಕನ ಕ್ಯಾಲಿಪರಿನ ಕೀಲು

ಮೊದಲೇ ಹೇಳಿಬಿಡುತ್ತೇನೆ, ಅದು ಸ್ಟೀಲು ಕೊರೆಯುವ ಮೆಷಿನ್ ಅಲ್ಲ. ಮರದ ಹಲಗೆಯ ಮೇಲೆ, ಅಕ್ರಿಲಿಕ್ ಶೀಟಿನ ಮೇಲೆ ಅಕ್ಷರ ಕೆತ್ತುವುದಕ್ಕೆಂದು ಮಾಡಿದ, ಊಟದ ಮೇಜಿನ ಅರ್ಧದಷ್ಟಿರುವ ಸಿಎನ್‌ಸಿ ರೌಟರ್. ಅಲ್ಯೂಮಿನಿಯಂ ಕಂಬಿಗಳ ಚೌಕಟ್ಟು, ಕೆಳಗೆ ಹಲಗೆಯ ಹಾಸು, ಮೇಲೆ ಗಿರ್ರೆಂದು ತಿರುಗುವ ಒಂದು ಸಣ್ಣ ಮೋಟಾರು. ಕಂಪ್ಯೂಟರಿನಲ್ಲಿ ಬರೆದುಕೊಟ್ಟ ದಾರಿ ಹಿಡಿದು ಅದು ತನ್ನಷ್ಟಕ್ಕೆ ಓಡಾಡಿಕೊಂಡು ಕೆತ್ತುತ್ತದೆ. ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಯ ಮಹಡಿಯಲ್ಲಿ, ಶೀಟು ಹೊದಿಸಿದ ಕೋಣೆಯಲ್ಲಿ ಅದನ್ನಿಟ್ಟುಕೊಂಡು ನಾನು ಮನೆಗಳಿಗೆ ಹೆಸರಿನ ಬೋರ್ಡು ಮಾಡಿಕೊಡುತ್ತೇನೆ. ನಮ್ಮ ಸುತ್ತಮುತ್ತ ಎಷ್ಟು ಮನೆಗಳಿಗೆ ತಾಯಿಯ ಆಶೀರ್ವಾದವಿದೆ ಎಂದರೆ, ಆ ಅಕ್ಷರಗಳ ಫೈಲನ್ನು ಹಾಗೇ ಇಟ್ಟುಕೊಂಡುಬಿಟ್ಟಿದ್ದೇನೆ. ಸೈಜು ಬದಲಾಯಿಸಿದರೆ ಆಯಿತು.

ಅದಕ್ಕೆ ಮುಂಚೆ ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿದ್ದವು ನಿಜವಾದ ಮೆಷಿನ್‌ಗಳು, ಆನೆಯಂಥವು. ಓಡುತ್ತಿರುವಾಗ ಮೇಲೆ ಕಾಫಿ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ. ನಾನು ಅವುಗಳಿಗೆ ಪ್ರೋಗ್ರಾಂ ಬರೆಯುವವಳು. ಡಿಪ್ಲೊಮಾ ಮುಗಿಸಿ ಸೇರಿದಾಗ ಆ ಶೆಡ್ಡಿನಲ್ಲಿ ಹೆಂಗಸೆಂದರೆ ನಾನೊಬ್ಬಳೇ, ಕೊನೆಗೂ ಹೆಚ್ಚುಕಮ್ಮಿ ಹಾಗೇ ಇತ್ತು. ಕಂಪನಿ ಹೊಸೂರಿನ ಕಡೆಗೆ ಗಂಟುಮೂಟೆ ಕಟ್ಟಿದಾಗ ನಾನು ಹೋಗಲಿಲ್ಲ. ಅಕ್ಕನನ್ನು ಬಿಟ್ಟು ಎಲ್ಲಿಗೆ ಹೋಗುವುದು? ಬಾ ಎಂದೂ ಯಾರೂ ಕೇಳಲಿಲ್ಲ, ಬೇಡ ಎಂದೂ ಯಾರೂ ಹೇಳಲಿಲ್ಲ.

ನಾವು ಇಬ್ಬರೇ, ಅಕ್ಕ ಮತ್ತು ನಾನು. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕನಿಗೆ ಕೂಸಾಗಿದ್ದಾಗಲೇ ಪೋಲಿಯೊ ಬಂದು ಬಲಗಾಲು ಸೊರಗಿಹೋಗಿತ್ತು. ಅಂದಿನಿಂದ ಅವಳು ಕ್ಯಾಲಿಪರ್ ಹಾಕಿಕೊಂಡೇ ನಡೆದವಳು. ನೋಡದವರಿಗೆ ಹೇಳುತ್ತೇನೆ: ತೊಡೆಯಿಂದ ಬೂಟಿನವರೆಗೆ ಕಾಲಿನ ಎರಡೂ ಬದಿಗೆ ಸ್ಟೀಲಿನ ಪಟ್ಟಿ, ಅಲ್ಲಲ್ಲಿ ಚರ್ಮದ ಬೆಲ್ಟು, ಮಂಡಿಯ ಹತ್ತಿರ ಒಂದು ಕೀಲು. ಎದ್ದು ನಿಂತಾಗ ಒಂದು ಬಳೆ ಆ ಕೀಲಿನ ಮೇಲೆ ಜಾರಿ ಬಿದ್ದು ಬೀಗ ಹಾಕಿಬಿಡುತ್ತದೆ, ಮಂಡಿ ಮಡಚುವುದಿಲ್ಲ. ಕೂರಬೇಕಾದರೆ ಕೈಯಿಂದ ಬಳೆಯನ್ನು ಎತ್ತಬೇಕು. ಅದನ್ನೇ ನೆಚ್ಚಿಕೊಂಡು ಅಕ್ಕ ಶಾಲೆಗೆ ಹೋದಳು, ಟೈಪಿಂಗ್ ಕಲಿತಳು, ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿ, ಬಸ್ಸಿನಲ್ಲಿ ನಿಂತು ಓಡಾಡಿ, ರಿಟೈರ್ ಆದಳು. ಎಷ್ಟೇ ನಿಧಾನವಾಗಲಿ ನಡೆಯಬೇಕು, ಕೂತುಬಿಟ್ಟರೆ ಜನ ಕೂತೇ ಇರು ಅಂತಾರೆ ಎಂದು ಅಮ್ಮ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಅದೊಂದು ಕಾನೂನು. ಅಮ್ಮ ಹೋದಮೇಲೆ ಆ ಕಾನೂನು ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಆ ಕೀಲು ಸವೆದುಹೋಗಿತ್ತು. ಬಳೆ ಪೂರ್ತಿ ಕೆಳಗಿಳಿಯದೆ ಅರ್ಧಕ್ಕೇ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ಬೀಗ ಬಿಟ್ಟುಕೊಂಡು, ಮಂಡಿ ಮಡಚಿ, ಅಕ್ಕ ಬಿದ್ದಳು. ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಮಾತ್ರ ನೆಲಕ್ಕೆ ಬಿಡದೆ ಎತ್ತಿ ಹಿಡಿದುಕೊಂಡಿದ್ದಳು. ಮೂಳೆ ಮುರಿಯಲಿಲ್ಲ, ನಮ್ಮ ಪುಣ್ಯ. ಡಾಕ್ಟರು ಎಕ್ಸ್‌ರೇ ಫಿಲಂ ನೋಡಿ, ಈ ವಯಸ್ಸಿಗೆ ಇನ್ನೊಂದು ಸಲ ಬಿದ್ದರೆ ಕಷ್ಟ, ಇನ್ನು ವೀಲ್‌ಚೇರ್ ಅಭ್ಯಾಸ ಮಾಡಿಕೊಳ್ಳಿ ಅಮ್ಮ ಎಂದರು. ಅಕ್ಕ ಏನೂ ಹೇಳಲಿಲ್ಲ. ನಾನೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡಿರುವವಳು, ಹೋದದ್ದು ಒಂದು ಕೀಲು ಸಾರ್, ಕಾಲಲ್ಲ ಎಂದುಬಿಟ್ಟೆ.

ವಿಷಯ ಇಷ್ಟೇ ಆಗಿತ್ತು. ಕೀಲು ಸರಿಹೋದರೆ ಅಕ್ಕ ತನ್ನ ಕಾಲ ಮೇಲೆ ನಿಲ್ಲುತ್ತಾಳೆ, ಇಲ್ಲದಿದ್ದರೆ ಕುರ್ಚಿಗೆ ಬೀಳುತ್ತಾಳೆ.

ಕ್ಯಾಲಿಪರ್ ಮಾಡಿಕೊಟ್ಟಿದ್ದ ಮೇಸ್ತ್ರಿ ತೀರಿಕೊಂಡು ಬಹಳ ಕಾಲವಾಗಿತ್ತು. ಅವರಿದ್ದ ಕಾರ್ಖಾನೆಯಲ್ಲಿ ಈಗ ಅಚ್ಚು ಹಾಕಿದ ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಮಾತ್ರ. ಅದನ್ನೂ ಮಾಡಿಸಿದೆವು. ಅಕ್ಕನ ಚರ್ಮಕ್ಕೆ ಅದು ಒಗ್ಗದೆ, ಬೆವರಿ, ಉಜ್ಜಿ, ಹುಣ್ಣಾಗಿ, ಕೊನೆಗೆ ಅಟ್ಟಕ್ಕೆ ಹೋಯಿತು. ಹಳೇ ಕೀಲಿನ ಒಂದು ತುಂಡನ್ನು ಹೊಸದಾಗಿ ಮಾಡಿಸಿದರೆ ಸಾಕಿತ್ತು: ಹೆಬ್ಬೆರಳಿಗಿಂತ ತುಸು ಉದ್ದದ ಗಟ್ಟಿ ಸ್ಟೀಲು, ಅದರಲ್ಲಿ ಒಂದು ತೂತು, ಇನ್ನೆರಡು ತೂತುಗಳಲ್ಲಿ ಸ್ಕ್ರೂ ಕೂರುವುದಕ್ಕೆ ಥ್ರೆಡ್. ಪೀಣ್ಯದಲ್ಲಿ ಜೀವಮಾನ ಸವೆಸಿದವಳಿಗೆ ಅದೇನು ಮಹಾ ಎಂದುಕೊಂಡು ಗೊತ್ತಿದ್ದ ಶೆಡ್ಡುಗಳನ್ನೆಲ್ಲ ಸುತ್ತಿದೆ. ಒಂದು ಪೀಸಾ ಮೇಡಂ ಎಂದು ಎಲ್ಲರೂ ನಕ್ಕರು. ಒಂದಕ್ಕೆ ಮೆಷಿನ್ ನಿಲ್ಲಿಸುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಲಗ್ಗೆರೆಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡಿದ್ದ ನನ್ನ ಹಳೇ ಸಹೋದ್ಯೋಗಿಯೊಬ್ಬರು ಪಾಪ ಮಾಡಿಕೊಟ್ಟರು. ಡ್ರಾಯಿಂಗಿನಲ್ಲಿದ್ದ ಹಾಗೇ ಇತ್ತು. ಆದರೆ ಕೀಲಿನ ಇನ್ನರ್ಧ ಹಳೆಯದು, ಅಕ್ಕನ ನಡಿಗೆಗೆ ತಕ್ಕಂತೆ ಓರೆಯಾಗಿ ಸವೆದಿರುವುದು. ಅದಕ್ಕೆ ಇದು ಹೊಂದಲಿಲ್ಲ. ಹಾಕಿ ನೋಡಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಹಾಕಿ ನೋಡಬೇಕಾದ ಕೆಲಸ ಅದು. ಹಾಗೆ ನೋಡುವುದಕ್ಕೆ ಅಕ್ಕನ ಕಾಲು ಬೇಕು, ಕಾಲಿರುವುದು ನಮ್ಮ ಮನೆಯಲ್ಲಿ. ಅದೇ ಅಳತೆಗೆ ಕೊಯ್ದು ನುಣುಪು ಮಾಡಿದ ಖಾಲಿ ಸ್ಟೀಲು ತುಂಡುಗಳನ್ನು ಅವರಿಂದ ಇಸಿದುಕೊಂಡು ಬಂದು, ತೂತು ನಾನೇ ಹಾಕಿಕೊಳ್ಳುತ್ತೇನೆ ಎಂದು ಹಟಕ್ಕೆ ಬಿದ್ದೆ.

ಸ್ಟೀಲಿಗೆ ಬೇಕಾದದ್ದು ನಿಧಾನ ಮತ್ತು ಬಲ. ನನ್ನ ರೌಟರಿಗಿರುವುದು ಬರೀ ವೇಗ. ಎಷ್ಟು ಇಳಿಸಿದರೂ ಅದರ ಮೋಟಾರು ಸ್ಟೀಲಿಗೆ ಸರಿಹೊಂದುವಷ್ಟು ನಿಧಾನಕ್ಕೆ ಬರುವುದಿಲ್ಲ. ಮೊದಲ ದಿನ ಡ್ರಿಲ್ ಹಾಕಿ ಇಳಿಸಿದೆ. ಅದು ಕೊರೆಯಲಿಲ್ಲ, ಉಜ್ಜಿತು. ಕಿರ್ರೋ ಎಂದು ಚೀರಿ, ಎಣ್ಣೆ ಹೊಗೆಯಾಡಿ, ತುದಿ ನೀಲಿಗಟ್ಟಿತು. ತೂತು ಬೀಳಬೇಕಾದ ಜಾಗ ಸುಟ್ಟು ಮೊದಲಿಗಿಂತ ಗಟ್ಟಿಯಾಗಿ ಕೂತಿತು. ಅಲ್ಯೂಮಿನಿಯಂ ಚೌಕಟ್ಟು ಆ ಹೊಡೆತಕ್ಕೆ ನಡುಗುವುದು ನನ್ನ ಅಂಗೈಗೇ ಗೊತ್ತಾಗುತ್ತಿತ್ತು.

ಆಮೇಲೆ ದಾರಿ ಬದಲಾಯಿಸಿದೆ. ಡ್ರಿಲ್ ಬಿಟ್ಟು, ತೂತಿಗಿಂತ ಸಣ್ಣದಾದ ಕಾರ್ಬೈಡ್ ಕಟರು ಹಾಕಿ, ಅದು ಸುತ್ತುತ್ತ ಸುತ್ತುತ್ತ ಕಾಗದದ ದಪ್ಪದಷ್ಟೇ ಕಡಿದುಕೊಂಡು ಕೆಳಗಿಳಿಯುವ ಹಾಗೆ ಪ್ರೋಗ್ರಾಂ ಬರೆದೆ. ತೂತು ಆಗುತ್ತಿತ್ತು. ಆದರೆ ಆ ತೂತಿನ ಮುಂದೆ ಬಗ್ಗಿ ನಿಂತುಕೊಂಡು, ಸಿರಿಂಜಿನಲ್ಲಿ ಎಣ್ಣೆ ತೊಟ್ಟಿಕ್ಕಿಸುತ್ತ, ಬ್ರಷ್ಷಿನಿಂದ ಸ್ಟೀಲಿನ ಪುಡಿ ತಳ್ಳುತ್ತ ಇರಬೇಕು. ಆ ಪುಡಿ ಸೂಜಿಯಂಥದ್ದು, ಎಲ್ಲಿಗೆ ಬೇಕಾದರೂ ಹೋಗುತ್ತದೆ. ನನ್ನ ಬೆರಳ ಸಂದಿಗೆ, ಸೆರಗಿಗೆ, ಒಂದು ಸಲ ಹುಳಿಯನ್ನಕ್ಕೂ ಬಂತು. ಪಕ್ಕದ ಮನೆಯವರು ಬಟ್ಟೆ ಒಣಹಾಕಲು ತಮ್ಮ ಮಹಡಿಗೆ ಬಂದಾಗಲೆಲ್ಲ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಹಾಗಾಗುತ್ತದೆ ರೀ ಎಂದು ಗೋಡೆಯಾಚೆಯಿಂದ ಹೇಳಿ ಹೋಗುವರು. ತೂತು ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಗುವುದು. ಮತ್ತೆ ಬರುವ ಹೊತ್ತಿಗೆ ಮೆಷಿನ್ನಿಗೆ ತಾನು ಎಲ್ಲಿದ್ದೆ ಎಂಬುದೇ ಮರೆತಿರುತ್ತಿತ್ತು, ನಾನು ಮೊದಲಿನಿಂದ ತೋರಿಸಿಕೊಡಬೇಕು.

ಇನ್ನು ಥ್ರೆಡ್. ಟ್ಯಾಪ್ ಎಂಬ ಹಲ್ಲಿನ ಕಡ್ಡಿಯನ್ನು ಕೈಯಲ್ಲಿ ತಿರುಗಿಸಿ ತೂತಿನೊಳಗೆ ಥ್ರೆಡ್ ಹಾಕುವುದು ಎಲ್ಲರೂ ಮಾಡುವುದೇ. ನಾನೂ ಮಾಡಿದೆ. ಆಚೆ ಬದಿ ತೆರೆದಿಲ್ಲದ ತೂತು, ಗಟ್ಟಿ ಸ್ಟೀಲು, ನನ್ನ ಮಣಿಕಟ್ಟಿನಲ್ಲಿ ಮೊದಲಿನ ಹಿಡಿತವಿಲ್ಲ. ಟಣ್ ಎಂದು ಒಳಗೇ ಮುರಿದು ಕೂತಿತು. ಮುರಿದ ಟ್ಯಾಪನ್ನು ತೆಗೆಯುವುದಕ್ಕೆ ಹೋದವರಿಗೆ ಗೊತ್ತು, ಆ ಪೀಸನ್ನು ಎಸೆಯುವುದೇ ಸುಲಭ. ಹಾಗಾಗಿ ಥ್ರೆಡ್ ಮಿಲ್ಲಿಗೆ ಬಂದೆ. ಅದು ಸಣ್ಣ ಕಟರು, ತುದಿಯಲ್ಲಿ ಮೊನೆಯಾದ ಹಲ್ಲು. ತೂತಿನ ತಳಕ್ಕೆ ಏನನ್ನೂ ಮುಟ್ಟದೆ ಇಳಿದು, ಗೋಡೆಗೆ ಒರಗಿ, ಸುತ್ತು ಹಾಕುತ್ತ ಮೇಲೆ ಬರುತ್ತದೆ. ಬರುವಾಗ ಥ್ರೆಡ್ ಕೆತ್ತಿಕೊಂಡು ಬರುತ್ತದೆ. ಮುರಿದರೂ ಒಳಗೆ ಸಿಕ್ಕಿಕೊಳ್ಳುವುದಿಲ್ಲ, ಪೀಸನ್ನು ಬೋರಲು ಹಾಕಿದರೆ ಉದುರುತ್ತದೆ. ನನ್ನ ಮೆಷಿನ್ ಬಾಗುವ ಜಾತಿಯದ್ದಾದ್ದರಿಂದ ಒಂದೇ ಸಲಕ್ಕೆ ಅಳತೆ ಬರುವುದಿಲ್ಲ. ಅದೇ ದಾರಿಯಲ್ಲಿ ಮತ್ತೆ ಮತ್ತೆ ಕಳಿಸುತ್ತಿರಬೇಕು, ಕೊರೆಯುವ ಸದ್ದು ಅಡಗಿ ಬರೀ ಗಾಳಿಯ ಸದ್ದು ಕೇಳುವವರೆಗೆ. ಅಷ್ಟು ಹೊತ್ತು ಸುಮ್ಮನೆ ನಿಂತು ಕೇಳಿಸಿಕೊಳ್ಳುವುದು ನೋಡುವವರಿಗೆ ಕೆಲಸವಲ್ಲ ಅನಿಸುತ್ತದೆ. ನನಗೆ ಸೊಂಟ ಬಿದ್ದುಹೋಗುತ್ತಿತ್ತು.

ಹೀಗೆ ಒಂದು ಪೀಸು ಮುಗಿದರೆ ಕೆಳಗೆ ಇಳಿದು ಬಂದು ಅಕ್ಕನ ಕ್ಯಾಲಿಪರಿಗೆ ಕೂರಿಸುವುದು. ಅವಳು ಕಿಟಕಿಯ ಸರಳು ಹಿಡಿದು ಏಳುವಳು. ಬಳೆ ಒಮ್ಮೆ ಇಳಿಯದು, ಒಮ್ಮೆ ಇಳಿದರೆ ಮತ್ತೆ ಮೇಲೆ ಬಾರದು, ಇನ್ನೊಮ್ಮೆ ಎರಡೂ ಸರಿಯಿದ್ದು ಸ್ಕ್ರೂ ಲೊಡಲೊಡ ಅನ್ನುವುದು. ಮೇಡಂ ಇಂಜಿನಿಯರಮ್ಮೋರು ಇವತ್ತು ಏನಂತಾರೆ ಎಂದು ಅಕ್ಕ ಚುಡಾಯಿಸುವಳು. ಭುಜಕ್ಕೆ ನೋವಿನ ಮುಲಾಮು ಹಚ್ಚಿಕೊಂಡು, ತೊಡೆಯ ಬೆಲ್ಟು ಬಿಗಿದು, ನಾನು ಹೇಳಿದಷ್ಟು ಸಲ ಎದ್ದು ಕೂತು ಮಾಡುವಳು. ಯಾವಾಗ ಆಗುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ. ನನ್ನನ್ನು ಅವಸರಪಡಿಸಬಾರದೆಂದು ಸುಮ್ಮನಿದ್ದಾಳೆ ಎಂದುಕೊಂಡು ನಾನು ಮತ್ತೆ ಮೆಟ್ಟಿಲು ಹತ್ತುವೆ. ಬೋರ್ಡಿನ ಆರ್ಡರುಗಳನ್ನೆಲ್ಲ ಮುಂದಕ್ಕೆ ಹಾಕಿದೆ. ಗೃಹಪ್ರವೇಶ ಆದಮೇಲೆ ಬೋರ್ಡು ಕೊಟ್ಟರೆ ಏನು ಬಂತು ಎಂದು ಒಬ್ಬರು ಮುಖ ಊದಿಸಿಕೊಂಡು ಹೋದರು. ಹೋಗಲಿ ಎಂದೆ. ಸಾಕು ಸಾಕಾಗಿಹೋಗಿತ್ತು. ಬೆಳಗ್ಗೆ ಏಳುವಾಗಲೇ ದಣಿವು, ಹಲ್ಲುಜ್ಜುವಾಗಲೂ ಕಿವಿಯಲ್ಲಿ ಆ ಕಿರ್ರೆನ್ನುವ ಸದ್ದು. ಬಿಟ್ಟುಬಿಡೋಣ ಅನಿಸಿದಾಗಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಎತ್ತಿ ಹಿಡಿದು ಬಿದ್ದಿದ್ದ ಅಕ್ಕ ಕಣ್ಣ ಮುಂದೆ ಬರುತ್ತಿದ್ದಳು, ಮತ್ತೆ ಕನ್ನಡಕ ಏರಿಸುತ್ತಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಗೊತ್ತಲ್ಲ, ಅವತ್ತು ಸ್ಕೂಟರಿನಿಂದ ಹಿಡಿದು ಸ್ಕ್ರೂಡ್ರೈವರಿನವರೆಗೆ ಎಲ್ಲಕ್ಕೂ ಗಂಧ, ಕುಂಕುಮ, ಹೂವು. ರಸ್ತೆ ತುಂಬ ಒಡೆದ ಬೂದುಗುಂಬಳ. ಹಿಂದಿನ ವರ್ಷ ಅಕ್ಕ ರೌಟರಿಗೂ ಪೂಜೆ ಮಾಡಿ, ಅದು ಜಾರಿ ಓಡಾಡುವ ಸರಳಿನ ಮೇಲೆಲ್ಲ ಉದಾರವಾಗಿ ಕುಂಕುಮ ಇಟ್ಟಿದ್ದಳು. ಅದು ಬೇರಿಂಗಿನೊಳಗೆ ಹೋಗಿ, ನಾನು ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ಒಂದು ವಾರ ಗೊಣಗಿದ್ದೆ. ಹಾಗಾಗಿ ಈ ಸಲ ಮೊದಲೇ ಅಪ್ಪಣೆ ಹೊರಡಿಸಿದೆ: ಮಹಡಿಯ ಮೆಷಿನ್ನಿಗೆ ಪೂಜೆಯಿಲ್ಲ, ಎಣ್ಣೆಯ ಹೊರತು ಅದಕ್ಕೆ ಏನೂ ಸೋಕಬಾರದು. ಅಕ್ಕ ಸರಿ ಎಂದು ಮಿಕ್ಸಿಗೆ, ಗ್ಯಾಸ್ ಒಲೆಗೆ, ನನ್ನ ಸ್ಕೂಟರಿಗೆ, ತನ್ನ ಊರುಗೋಲಿಗೆ ಗಂಧ ಹಚ್ಚಿದಳು. ನಾನು ಲಗ್ಗೆರೆಯ ಶೆಡ್ಡಿನ ಪೂಜೆಗೆ ಹೋದೆ. ಕರೆದಿದ್ದರು, ಜೊತೆಗೆ ಖಾಲಿ ತುಂಡುಗಳೂ ಮುಗಿದಿದ್ದವು. ಪುರಿ, ಕಡಲೆ, ಸಿಹಿ ಬೂಂದಿ ಕಟ್ಟಿಸಿಕೊಂಡು ಮಧ್ಯಾಹ್ನ ಮನೆಗೆ ಬಂದಾಗ ಅಕ್ಕ ತನ್ನ ಜಾಗದಲ್ಲಿ ಕೂತಿದ್ದಳು. ಸೀರೆಯ ಹಿಂಬದಿಗೆಲ್ಲ ಧೂಳು ಮೆತ್ತಿತ್ತು. ಗೋಡೆಗೆ ಒರಗಿರಬೇಕು ಎಂದುಕೊಂಡೆ.

ಪೂಜೆಯ ಮರುದಿನ ಕಳೆದು ಕೆಲಸಕ್ಕೆ ಕೂತೆ. ಅವತ್ತಿನ ಪೀಸು ಅಷ್ಟು ದಿನಗಳಲ್ಲೇ ಚೆನ್ನಾಗಿ ಬರುತ್ತಿತ್ತು. ಮೂರೂ ತೂತು ಅಳತೆಗೆ ಸರಿಯಾಗಿ ಬಿದ್ದವು. ಇನ್ನು ಥ್ರೆಡ್ ಎಂದು ಕಟರು ಬದಲಾಯಿಸಿದೆ. ಕಟರನ್ನು ಮೋಟಾರಿನ ತುದಿಯಲ್ಲಿ ಕಚ್ಚಿ ಹಿಡಿಯುವ ಸೀಳಿದ ಬಳೆಯಂಥ ಒಂದು ವಸ್ತುವಿದೆ, ಕಾಲೆಟ್ ಎನ್ನುತ್ತಾರೆ. ಥ್ರೆಡ್ ಮಿಲ್ಲಿನ ಹಿಡಿ ದಪ್ಪ, ಅದಕ್ಕೆ ಬೇರೆಯೇ ಕಾಲೆಟ್. ಅದು ಮೇಜಿನ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಟ್ರೇಯಲ್ಲಿತ್ತು. ಎತ್ತಿಕೊಂಡು ಹೊರಮೈ ಒರೆಸಿ ಹಾಕಿದೆ. ಕಟರು ಸ್ವಲ್ಪ ಬಿಗಿಯಾಗಿ ಒಳಗೆ ಹೋಯಿತು, ಅಷ್ಟೇ. ಮೆಷಿನ್ ಓಡಿತು, ಕಟರು ತೂತಿಗೆ ಇಳಿಯಿತು, ಮೊದಲ ಸುತ್ತಿನಲ್ಲೇ ಸದ್ದು ಬೇರೆಯಾಯಿತು. ಗರಗರ ಎಂದು ಒಂದು ಬದಿಗೆ ಮಾತ್ರ ಹೊಡೆಯುತ್ತಿತ್ತು. ನಾನು ಕೆಂಪು ಗುಂಡಿಗೆ ಕೈಹಾಕುವಷ್ಟರಲ್ಲಿ ಚಟಕ್ಕೆಂದು ಮುರಿಯಿತು. ತೂತು ಹರಿದುಹೋಗಿತ್ತು. ಪೀಸೂ ಹೋಯಿತು, ಕಟರೂ ಹೋಯಿತು. ಅಯ್ಯೋ ನನ್ನ ಕರ್ಮವೇ ಎಂದು ನೆಲದ ಮೇಲೆ ಕೂತುಬಿಟ್ಟೆ.

ಸುಧಾರಿಸಿಕೊಂಡು ಕಾಲೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ಒಳಗೋಡೆಯಲ್ಲಿ ಒಂದು ಪಕ್ಕಕ್ಕೆ ಹಳದಿಗೆಂಪಿನ ಒಣಗಿದ ಪದರ. ಉಗುರಿನಿಂದ ಕೆರೆದು ಮೂಸಿದೆ. ಗಂಧ. ಗಂಧದ ಮೇಲೆ ಒಂದು ಚಿಟಿಕೆ ಕುಂಕುಮ. ಆ ಒಣಗಿದ ಗಂಧ ಕಟರನ್ನು ಒಂದು ಕಡೆಗೆ ತಳ್ಳಿ ಓರೆ ಹಿಡಿಸಿತ್ತು. ಇದು ಇಲ್ಲಿ ಹೇಗೆ ಬಂತು ಎಂದು ಯೋಚಿಸಿದವಳಿಗೆ ಉತ್ತರ ಹೊಳೆದ ಕೂಡಲೇ ಕಟರಿನ ವಿಷಯವೇ ಮರೆತುಹೋಯಿತು. ಮಹಡಿಯ ಮೆಟ್ಟಿಲು ಮನೆಯ ಹೊರಗಿದೆ, ಕಡಿದು, ಒಂದೇ ಬದಿಗೆ ಕಂಬಿ. ಬಿದ್ದಂದಿನಿಂದ ಅಕ್ಕ ಅದರ ಹತ್ತಿರವೂ ಹೋಗಿರಲಿಲ್ಲ. ಹೋಗಿರಲಿಲ್ಲ ಎಂದು ನಾನು ತಿಳಿದಿದ್ದೆ.

ಕೆಳಗೆ ಬಂದೆ. ಅಕ್ಕ ಹುರುಳಿಕಾಯಿ ಸೋಸುತ್ತಿದ್ದಳು. ಮೇಲೆ ಹೋಗಿದ್ದೆಯಾ ಎಂದು ಕೇಳಿದೆ. ತಲೆ ಎತ್ತದೆ, ಹೋಗಿದ್ದೆ ಎಂದಳು. ಹೇಗೆ ಎಂದೆ.

"ಕೂತ್ಕೊಂಡು. ಹಿಂದುಮುಂದಾಗಿ, ಒಂದೊಂದೇ ಮೆಟ್ಲು. ಬರ್ತಾನೂ ಹಂಗೇ ಬಂದೆ."

ಮೆಷಿನ್ನಿಗೆ ಪೂಜೆ ಬೇಡ ಎಂದು ಹೇಳಿರಲಿಲ್ಲವೇ ಎಂದು ಕೇಳಿದ್ದಕ್ಕೆ, ಮೆಷಿನ್ನಿಗೆ ಎಲ್ಲಿ ಹಚ್ಚಿದೆ, ಅದು ಮೇಜಿನ ಮೇಲಿದೆ, ನೆಲದಲ್ಲಿ ಕೂತವಳಿಗೆ ಎಟುಕೀತೇ ಎಂದಳು. ಎಟುಕಿದ್ದು ಸ್ಟೂಲಿನ ಮೇಲಿದ್ದ ಆ ಕಾಲೆಟ್ ಮಾತ್ರ.

"ಹೊರಗೆ ಹಚ್ಚಿದ್ರೆ ನೀನು ನೋಡಿ ಬೈತೀಯ. ಅದಕ್ಕೇ ಕಾಣದ ಹಾಗೆ ಒಳಗೆ ಹಚ್ಚಿದೆ ಕಣೇ. ಪೂಜೆ ಇಲ್ದೆ ಅದನ್ನ ಓಡಿಸಿದ್ರೆ ನಿನ್ನ ಕೈಗೆ ಏನಾದ್ರೂ ಆದ್ರೆ?"

ಅದನ್ನು ಕೇಳಿ ನಗು ಬರಬೇಕಿತ್ತು. ಬರಲಿಲ್ಲ. ಊರಿಗೆಲ್ಲ ಕೇಳುವಂತೆ ಕೂಗಾಡಿದೆ. ಇಷ್ಟು ತಿಂಗಳು ನಾನು ಸಾಯುತ್ತಿರುವುದು ನೀನು ಇನ್ನೊಂದು ಸಲ ಬೀಳಬಾರದೆಂದು, ನೀನು ಯಾರೂ ಇಲ್ಲದ ಹೊತ್ತಿನಲ್ಲಿ ಆ ಮೆಟ್ಟಿಲು ಹತ್ತುತ್ತೀಯ, ಜಾರಿದ್ದರೆ ಬಂದು ಯಾರು ನೋಡುತ್ತಿದ್ದರು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕ ಹುರುಳಿಕಾಯಿಯ ನಾರನ್ನು ಒಂದು ಕಡೆ ಗುಡ್ಡೆ ಹಾಕಿ, ಊಟಕ್ಕೆ ಏನು ಮಾಡಲಿ, ಪಲ್ಯವೋ ಸಾಂಬಾರೋ ಎಂದು ಕೇಳಿದಳು. ನಾನು ಮೇಲೆ ಹೋಗಿ ಮಹಡಿಯ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೊಸ ಥ್ರೆಡ್ ಮಿಲ್ಲಿಗೆ ಆರ್ಡರ್ ಕೊಟ್ಟೆ, ಅದು ಬರುವಷ್ಟರಲ್ಲಿ ನನ್ನ ಸಿಟ್ಟೂ ಇಳಿದಿತ್ತು. ಆದರೆ ಹುಮ್ಮಸ್ಸು ತಿರುಗಿ ಬರಲಿಲ್ಲ. ಇದೊಂದು ಸಲ ಮಾಡುವುದು, ಆಗದಿದ್ದರೆ ದೇವರಿಟ್ಟ ಹಾಗೆ ಎಂದುಕೊಂಡು ಮೇಲೆ ಹೋದೆ. ಕಾಲೆಟನ್ನು ಒಳಗೂ ಹೊರಗೂ ತೊಳೆದು, ಬಟ್ಟೆಯ ತುದಿ ತೂರಿಸಿ ಒರೆಸಿದೆ. ಪೀಸನ್ನು ಬಿಗಿದೆ. ತೂತು ಕೊರೆದದ್ದಾಯಿತು. ಥ್ರೆಡ್ಡಿಗೆ ಅದೇ ದಾರಿಯಲ್ಲಿ ಕಟರನ್ನು ಮತ್ತೆ ಮತ್ತೆ ಕಳಿಸಿದೆ. ಸದ್ದು ಸಣ್ಣಗಾಗುತ್ತ ಆಗುತ್ತ ಕೊನೆಗೆ ಬರೀ ಗಾಳಿ ಉಳಿಯಿತು. ಸ್ಕ್ರೂ ಹಾಕಿ ಎರಡು ಬೆರಳಲ್ಲಿ ತಿರುಗಿಸಿದರೆ, ಎಲ್ಲೂ ತಡೆಯದೆ, ಎಲ್ಲೂ ಅಲುಗದೆ, ತಳದವರೆಗೆ ಹೋಗಿ ಕೂತಿತು. ಟೂಲ್ ರೂಮಿನ ದಿನಗಳಾಗಿದ್ದರೆ ನಾಲ್ಕು ಜನರಿಗೆ ಕರೆದು ತೋರಿಸುತ್ತಿದ್ದೆ. ಅವತ್ತು ಖುಷಿ ಎಂದು ಹೇಳುವಂಥದ್ದು ಏನೂ ಆಗಲಿಲ್ಲ. ಮುಗಿಯಿತಲ್ಲ ಎಂದು ಕಣ್ಣುಮುಚ್ಚಿ ಸ್ವಲ್ಪ ಹೊತ್ತು ಗೋಡೆಗೆ ಒರಗಿದ್ದೆ.

ಕೀಲು ಜೋಡಿಸಿ ಅಕ್ಕನಿಗೆ ಕ್ಯಾಲಿಪರ್ ತೊಡಿಸಿದೆ. ಎದ್ದಳು. ಬಳೆ ಟಕ್ ಎಂದು ಪೂರ್ತಿ ಇಳಿಯಿತು. ಅವಳು ನನ್ನ ಮುಖ ನೋಡಿದಳು. ಕೋಲು ಊರಿಕೊಂಡು ಹಾಲಿನಿಂದ ಗೇಟಿನವರೆಗೆ ಹೋದಳು, ಬೀದಿಯ ಆಚೆ ಈಚೆ ನೋಡಿಕೊಂಡು ತಿರುಗಿ ಬಂದಳು. ಅಡುಗೆಮನೆಯ ಬಾಗಿಲಿಗೆ ಹೋಗಿ, ಬಿದ್ದ ಜಾಗದಲ್ಲೇ ನಿಂತು, ಬಾಗಿಲವಾಡದಿಂದ ಕೈ ತೆಗೆದಳು. ಬೀಗ ಹಿಡಿದು ನಿಂತಿತ್ತು. ನಾನು ಹಿಂದೆಯೇ ಕೈ ಚಾಚಿಕೊಂಡು ನಿಂತಿದ್ದೆ. ಬೇಕಾಗಲಿಲ್ಲ. ಆಮೇಲೆ ವಾಪಸು ಬಂದು, ಬಳೆ ಎತ್ತಿ, ಕೂತಳು.

"ಚೆನ್ನಾಗಾಗಿದೆ ಕಣೇ. ಹಳೇದಕ್ಕಿಂತ ಚೆನ್ನಾಗಾಗಿದೆ," ಎಂದಳು. ಕೀಲಿನ ಮೇಲೆ ಬೆರಳಾಡಿಸಿದಳು. "ಇನ್ನು ಆ ಕುರ್ಚಿ ತರಿಸಿಬಿಡು," ಎಂದಳು.

ನನಗೆ ಅರ್ಥವಾಗಲಿಲ್ಲ. ಯಾವ ಕುರ್ಚಿ ಎಂದು ಕೇಳಿದೆ. ಡಾಕ್ಟರು ಹೇಳಿದ್ದು, ಗಾಲಿಯದ್ದು ಎಂದಳು. ಕೀಲು ನೋಯುತ್ತಿದೆಯಾ, ಎಲ್ಲಾದರೂ ಒತ್ತುತ್ತಿದೆಯಾ, ನಾಳೆ ಸರಿಮಾಡುತ್ತೇನೆ ಎಂದು ನಾನು ಸ್ಕ್ರೂಡ್ರೈವರಿಗೆ ಕೈಹಾಕಿದೆ. ಅವಳು ಆ ಕೈ ಹಿಡಿದುಕೊಂಡಳು.

"ಏನೂ ಒತ್ತುತ್ತಿಲ್ಲ. ನಂಗೆ ಸಾಕಾಗಿದೆ. ಭುಜ ಎರಡೂ ಬಿದ್ದುಹೋಗಿವೆ ಕಣೇ, ರಾತ್ರಿ ಮಗ್ಗಲು ಬದಲಾಯಿಸಕ್ಕಾಗಲ್ಲ. ಅಮ್ಮ ಹೇಳಿದ್ಲು ಅಂತ ನಡೆದೆ, ಆಫೀಸಿಗೆ ಅಂತ ನಡೆದೆ, ಆಮೇಲೆ ನಿನಗೋಸ್ಕರ ನಡೆದೆ. ಇನ್ನು ಕೂತ್ಕೋತೀನಿ."

ಕೆನ್ನೆಗೆ ಹೊಡೆದ ಹಾಗಾಯಿತು. ಹಾಗಿದ್ದರೆ ಮೊದಲೇ ಹೇಳಬಾರದಿತ್ತೇ, ಇಷ್ಟು ತಿಂಗಳು ಆ ಮೆಷಿನ್ ಮುಂದೆ ನನ್ನನ್ನು ಯಾಕೆ ಅರೆದೆ ಎಂದು ಕೇಳಿದೆ. ನನ್ನ ದನಿ ಗಟ್ಟಿಯಾಗೇ ಇತ್ತು.

"ಆವಾಗ ಕೂತಿದ್ರೆ ಮುರಿದೋಯ್ತು ಅಂತ ಕೂತ ಹಾಗಾಗ್ತಿತ್ತು. ನೀನೂ ನನ್ ಕೈಲಿ ಮಾಡಕ್ಕಾಗ್ಲಿಲ್ಲ, ಅದಕ್ಕೇ ಅಕ್ಕ ಕೂತ್ಳು ಅಂತ ಸಾಯೋತನಕ ಕೊರಗ್ತಿದ್ದೆ. ಈಗ ನಡೀಬಹುದು. ಈಗ ನಾನೇ ಬೇಡ ಅಂತಿದೀನಿ."

ನನಗೆ ಅಳು ಬಂತು. ಸಿಟ್ಟಿಗೋ, ದಣಿವಿಗೋ, ಅವಳ ಭುಜಕ್ಕೋ, ಗೊತ್ತಿಲ್ಲ. ಅವಳ ಬೂಟಿನ ಪಕ್ಕದಲ್ಲೇ ನೆಲದಲ್ಲಿ ಕೂತು ಮೂಗು ಒರೆಸಿಕೊಂಡೆ. ಅಕ್ಕ ನನ್ನ ತಲೆಯಲ್ಲಿ ಸಿಕ್ಕಿದ್ದ ಸ್ಟೀಲಿನ ಚೂರೊಂದನ್ನು ಎತ್ತಿ ಕಿಟಕಿಯಿಂದಾಚೆ ಹಾಕಿ, ಬಿಚ್ಚು ಎಂದು ಕಾಲು ಮುಂದೆ ಮಾಡಿದಳು.

ತೊಡೆಯ ಬೆಲ್ಟು ಬಿಚ್ಚಿದೆ. ಮಂಡಿಯದ್ದು ಬಿಚ್ಚಿದೆ. ಮೀನಖಂಡದ ಹತ್ತಿರದ್ದನ್ನು ಬಿಚ್ಚಿ, ಬೂಟಿನ ಲೇಸು ಸಡಿಲಿಸಿ, ಎರಡೂ ಪಟ್ಟಿಗಳನ್ನು ಹಿಡಿದು ಕಾಲಿನಿಂದ ಹೊರಗೆಳೆದೆ. ಅಕ್ಕ ಕಾಲನ್ನು ಬಿದ್ದ ಹಾ​ಗೆ ಬಿಟ್ಟು, ಕುರ್ಚಿಯ ಬೆನ್ನಿಗೆ ತಲೆ ಆನಿಸಿ, "ಉಸ್ಸಪ್ಪಾ" ಎಂದಳು. ಅಮ್ಮನ ಬಾಯಲ್ಲಿ ಆ ಮಾತು ಕೇಳಿದ್ದೇನೆ, ನಾನಂತೂ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅಕ್ಕನ ಬಾಯಿಂದ ಕೇಳಿದ್ದು ಅದೇ ಮೊದಲು.